ಮೌನವರಿಯದ ವಾದ್ಯ

ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿ, ಕ್ಲೈಡ್ ನದಿಯು ವಿಸ್ತಾರಗೊಂಡು ಕಡಲನ್ನು ಸೇರುವೆಡೆಯಲ್ಲಿ, ಗೌರಕ್ ಊರಿನಿಂದ ದೋಣಿಯೇರಿ ದಾಟಿದರೆ ಡನೂನ್ ಎಂಬ ಸಣ್ಣ ಪಟ್ಟಣ ಸಿಗುತ್ತದೆ. 1894ರಲ್ಲಿ ಇಲ್ಲಿ ಆರಂಭವಾದ ಕೌವಲ್ ಹೈಲೆಂಡ್ ಮೇಳವು ಆಗಸ್ಟ್ ಮಾಸಾಂತ್ಯದ ಉತ್ಸವ. ನೃತ್ಯಸ್ಪರ್ಧೆಗಳೂ ಭಾರವನ್ನೆತ್ತಿ ಎಸೆಯುವ ಬಲಪ್ರದರ್ಶನಗಳೂ ಅಲ್ಲಿ ಉಂಟಾದರೂ, ದೂರದಿಂದಲೇ ಜನರನ್ನು ಸೆಳೆಯುವುದು ಪೈಪ್ ಬ್ಯಾಂಡುಗಳ ನಾದ. ಈ ಬ್ಯಾಂಡುಗಳಲ್ಲಿ ಬಹುಪಾಲು ವೃತ್ತಿಗಾರರದಲ್ಲ. ಹಗಲೆಲ್ಲ ತಂತಮ್ಮ ಉದ್ಯೋಗಗಳಲ್ಲಿ ದುಡಿದು, ಸಂಜೆ ಊರಿನ ಶಾಲೆಯಲ್ಲೋ ಸಭಾಮಂದಿರದಲ್ಲೋ ಕೂಡಿ ಅಭ್ಯಾಸ ಮಾಡುವ ಗೃಹಸ್ಥರು, ಗೃಹಿಣಿಯರು, ವಿದ್ಯಾರ್ಥಿಗಳು ಅವುಗಳ ಸದಸ್ಯರು. ಅವರು ಸಾಧಿಸುವುದು ಸಂಗೀತದ ಸಿದ್ಧಿಯೆಂಬುದನ್ನು ಎಲ್ಲರೂ ಬಲ್ಲರು. ಅದು ಭೌತವಿಜ್ಞಾನದ ಒಂದು ಕಠಿಣ ಸಮಸ್ಯೆಯ ಪರಿಹಾರವೂ ಹೌದೆಂಬುದು ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ.

ಈ ಬ್ಯಾಂಡುಗಳ ವಾದ್ಯವಾದ ಹೈಲೆಂಡ್ ಬ್ಯಾಗ್‌ಪೈಪಿನ ರಚನೆ ನೋಟಕ್ಕೆ ಜಟಿಲವಾದರೂ ತತ್ತ್ವದಲ್ಲಿ ಸರಳವಾದುದು. ಎಡಗಂಕುಳಿನ ಕೆಳಗೆ ಒಂದು ಚೀಲ. ಹಿಂದೆ ಅದು ಕುರಿಯ ಚರ್ಮದ್ದು, ಈಗ ಅನೇಕರಲ್ಲಿ ಕೃತಕ ವಸ್ತ್ರದ್ದು. ಚೀಲಕ್ಕೆ ಐದು ಕೊಳವೆಗಳು ಸೇರಿವೆ. ಒಂದರಿಂದ ಬಾಯಿಯ ಗಾಳಿ ಒಳಹೊಗುತ್ತದೆ. ಅದರ ತುದಿಯ ಕವಾಟವು ಹೊಕ್ಕ ಗಾಳಿಯನ್ನು ಹಿಂದಿರುಗಗೊಡದು. ಇನ್ನೊಂದು, ಬೆರಳುಗಳು ಆಡುವ ಚಾಂಟರ್. ಅದರೊಳಗೆ ನಾಗಸ್ವರದಲ್ಲಿರುವಂತೆ ಎರಡು ಪದರಗಳ ರೀಡು. ಉಳಿದ ಮೂರು, ಹೆಗಲ ಮೇಲೆ ಒರಗಿ ನಿಲ್ಲುವ ಶ್ರುತಿಕೊಳವೆಗಳು. ಇವುಗಳ ರೀಡಿಗೆ ಒಂದೇ ನಾಲಗೆ. ಕೊಳವೆಗಳನ್ನು ಕಡೆಯುವ ಮರವು ನಮ್ಮ ಮಲೆನಾಡಿನ ಬೀಟೆಯ ಬಂಧು: ಅದೇ ಡಾಲ್ಬರ್ಜಿಯ ಕುಲಕ್ಕೆ ಸೇರಿದ, ಆಫ್ರಿಕದಲ್ಲಿ ಬೆಳೆಯುವ, ಕಬ್ಬಿಣದಷ್ಟು ಗಟ್ಟಿಯೆನಿಸುವ ಕರಿಯ ಮರ. ವಾದಕನು ಉಸಿರೆಳೆದುಕೊಳ್ಳುವ ಕ್ಷಣದಲ್ಲಿ ಮೊಳಕೈ ಚೀಲವನ್ನೊತ್ತುತ್ತದೆ, ಊದುವಾಗ ಸಡಿಲುತ್ತದೆ. ಹೀಗೆ ಬಾಯಿಯೂ ತೋಳೂ ಪರ್ಯಾಯವಾಗಿ ದುಡಿದು, ಸುಮಾರು 75 ಸೆಂಟಿಮೀಟರ್ ಎತ್ತರದ ನೀರಿನ ಕಂಬವನ್ನು ಎತ್ತಿ ಹಿಡಿಯಬಲ್ಲಷ್ಟು ಒತ್ತಡವನ್ನು ಏರಿಳಿತವಿಲ್ಲದೆ ಕಾಪಾಡಬೇಕು.

ಇಂದಿನ ಬ್ಯಾಂಡುಗಳಲ್ಲಿ ಚಾಂಟರಿನ ಆಧಾರಸ್ವರವು ಸೆಕೆಂಡಿಗೆ 480 ಕಂಪನಗಳ ಆಸುಪಾಸಿನಲ್ಲಿರುತ್ತದೆ. ಎರಡು ಕಿರಿಯ ಶ್ರುತಿಕೊಳವೆಗಳು ಅದರ ಅರ್ಧದಲ್ಲಿ, ಎಂದರೆ 240ರಲ್ಲಿ, ನುಡಿಯುತ್ತವೆ. ಹಿರಿಯ ಕೊಳವೆ 120ರಲ್ಲಿ. ನೀಳವಾದ ಒಂದು ಸ್ವರವು ತನ್ನೊಡನೆ ಇಮ್ಮಡಿ, ಮುಮ್ಮಡಿ, ನಾಲ್ಮಡಿ ಕಂಪನಗಳ ಅನುಸ್ವರಗಳನ್ನು ಹೊತ್ತು ಬರುವುದೆಂಬುದನ್ನು ತಂಬೂರಿಯ ಮುಂದೆ ಕುಳಿತವರೆಲ್ಲರೂ ಬಲ್ಲರು. 120ರ ಮಡಿಗಳನ್ನು ಎಣಿಸುತ್ತ ಹೋದರೆ ನಾಲ್ಕನೆಯದು 480, ಷಡ್ಜ. ಐದನೆಯದು 600, ಅಂತರಗಾಂಧಾರ. ಆರನೆಯದು 720, ಪಂಚಮ. ಏಳನೆಯದು 840, ಇಂದಿನ ಬ್ಯಾಂಡುಗಳು ಬಹುವಾಗಿ ಮೆಚ್ಚುವ, ಪಿಯಾನೋದ ಯಾವ ಮನೆಯಲ್ಲಿಯೂ ದೊರೆಯದ ಕೈಶಿಕಿನಿಷಾದ. ಚಾಂಟರಿನ ಒಂಬತ್ತು ಸ್ವರಗಳನ್ನು ಕ್ರಮವಾಗಿ ಕೇಳಿದರೆ ಕರ್ಣಾಟಕ ಸಂಗೀತದ ಪರಿಚಯವುಳ್ಳವರಿಗೆ ಅದು ಹರಿಕಾಂಭೋಜಿಯ ಸ್ವರಸ್ಥಾನಗಳೆಂದು ಹೊಳೆಯದಿರದು. ಶ್ರುತಿಯು ನಿರಂತರವಾಗಿ ಹರಿಯುವಲ್ಲೆಲ್ಲ ಕಿವಿಯು ಸ್ವರಗಳನ್ನು ಆ ಶ್ರುತಿಯ ಒಡಲಿನಿಂದಲೇ ಆಯ್ದುಕೊಳ್ಳುವುದೆಂಬುದಕ್ಕೆ ಇದಕ್ಕಿಂತ ಸುಂದರವಾದ ಸಾಕ್ಷ್ಯವನ್ನು ನಾನು ಕಾಣೆ.

ಆದರೆ ಈ ನಿರಂತರತೆಯೇ ವಾದ್ಯದ ಬಂಧನವೂ ಹೌದು. ಕೊಳಲಿನವನು ಉಸಿರು ನಿಲ್ಲಿಸಿ ಮೌನವನ್ನು ತರಬಲ್ಲನು. ಮೆಲ್ಲಗೆ ಊದಿ ನಾದವನ್ನು ಕುಗ್ಗಿಸಬಲ್ಲನು. ಬ್ಯಾಗ್‌ಪೈಪಿನವನಿಗೆ ಇವೆರಡೂ ನಿಷಿದ್ಧ. ಚೀಲದಲ್ಲಿ ಗಾಳಿಯಿರುವವರೆಗೆ ಚಾಂಟರ್ ನುಡಿಯುತ್ತಲೇ ಇರುತ್ತದೆ. ಒತ್ತಡ ತಗ್ಗಿದರೆ ನಾದವು ಮೃದುವಾಗದೆ ಅಪಶ್ರುತಿಯಾಗುತ್ತದೆ. ಹೀಗಿರಲು ಒಂದೇ ಸ್ವರವನ್ನು ಎರಡು ಬಾರಿ ನುಡಿಸುವುದಾದರೂ ಹೇಗೆ? ಆ ಎರಡರ ನಡುವೆ ಮತ್ತೊಂದು ಸ್ವರವನ್ನು, ಕಿವಿಗೆ ಸ್ವರವೆಂದು ತೋರದಷ್ಟು ಕ್ಷಿಪ್ರವಾಗಿ, ಬೆರಳು ಸೋಕಿಸಿ ಹೋಗುವುದೊಂದೇ ಉಪಾಯ. ಈ ಸೋಕುಸ್ವರಗಳು ಕ್ರಮೇಣ ಗೊಂಚಲುಗಳಾಗಿ ಬೆಳೆದು, ಟಾರ್‌ಲುವಾ, ಕ್ರುನ್‌ಲುವಾ ಮುಂತಾದ ಗೇಲಿಕ್ ಹೆಸರುಗಳನ್ನು ಪಡೆದುವು. ಸ್ವರಲಿಪಿಯ ಬಳಕೆಯಿಲ್ಲದ ಕಾಲದಲ್ಲಿ ಗುರುಗಳು ಇವನ್ನು ಅಕ್ಷರಗುಚ್ಛಗಳಾಗಿ ಹಾಡಿಯೇ ಶಿಷ್ಯರಿಗೆ ಒಪ್ಪಿಸುತ್ತಿದ್ದರು. ಅಲಂಕಾರವೆಂದು ನಾವು ಕರೆಯುವುದು ಇಲ್ಲಿ ಅಲಂಕಾರವಲ್ಲ. ಅದಿಲ್ಲದೆ ವಾಕ್ಯವೇ ಇಲ್ಲ.

ಒಂದು ವಾದ್ಯದ ಕಷ್ಟ ಇಷ್ಟಾದರೆ, ಇಪ್ಪತ್ತು ವಾದ್ಯಗಳದು ಎಷ್ಟು! ಒಬ್ಬನ ಸ್ವರ 480, ಪಕ್ಕದವನದು 482 ಆದರೆ ಸೆಕೆಂಡಿಗೆ ಎರಡು ಬಾರಿ ನಾದವು ಉಬ್ಬಿ ಕುಗ್ಗುತ್ತದೆ. ವಿಜ್ಞಾನಿಗಳು ಇದನ್ನೇ ವಿಸ್ಪಂದವೆನ್ನುವರು. ಇಪ್ಪತ್ತು ಚಾಂಟರುಗಳು, ಅರವತ್ತು ಶ್ರುತಿಕೊಳವೆಗಳು ಕೂಡಿದೆಡೆ ಈ ಕಂಪವನ್ನು ಪೂರ್ಣವಾಗಿ ಅಳಿಸುವುದೇ ಬ್ಯಾಂಡಿನ ಗುರಿ. ಅದಕ್ಕೆ ಹವೆಯೇ ಪ್ರತಿಕೂಲ. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಶಬ್ದದ ವೇಗವು ಸೆಕೆಂಡಿಗೆ ಸುಮಾರು 0.6 ಮೀಟರಿನಷ್ಟು ಹೆಚ್ಚುತ್ತದೆ. ಕೊಳವೆಯೊಳಗಿನ ಗಾಳಿ ಹತ್ತು ಡಿಗ್ರಿ ಬೆಚ್ಚಗಾದರೆ 480ರ ಸ್ವರ 488ಕ್ಕೆ ಏರಿಬಿಡುತ್ತದೆ. ಅದರ ಮೇಲೆ ಉಸಿರಿನ ತೇವ. ಬೆತ್ತದಂತಹ ಜೊಂಡಿನಿಂದ ಕೆತ್ತಿದ ರೀಡು ಅದನ್ನು ಹೀರಿ ಸ್ವಭಾವವನ್ನೇ ಬದಲಿಸುತ್ತದೆ. ಕಡಲ ಗಾಳಿಯೂ ಮೋಡವೂ ಬಿಸಿಲೂ ಗಳಿಗೆಗೊಮ್ಮೆ ಮಾರ್ಪಡುವ ಕ್ಲೈಡ್ ತೀರದಲ್ಲಿ ಇದು ಅಲ್ಪ ಸಂಗತಿಯಲ್ಲ. ಆದ್ದರಿಂದಲೇ ಮೇಳದ ದಿನ, ಸ್ಪರ್ಧೆಗೆ ಬಹಳ ಹೊತ್ತು ಮುಂಚೆ ಪ್ರತಿ ಬ್ಯಾಂಡೂ ಮೈದಾನದ ಒಂದು ಅಂಚಿನಲ್ಲಿ ನುಡಿಸುತ್ತ ನಿಂತಿರುತ್ತದೆ. ನಾಯಕನಾದ ಪೈಪ್ ಮೇಜರನು ಒಬ್ಬೊಬ್ಬರ ಬಳಿಗೂ ಹೋಗಿ, ಕಿವಿಗೊಟ್ಟು, ಒಂದು ರಂಧ್ರದ ಮೇಲಂಚಿಗೆ ಕೂದಲೆಳೆಯಷ್ಟು ಟೇಪು ಸರಿಸಿ ಸ್ವರವನ್ನಿಳಿಸುತ್ತಾನೆ. ಶ್ರುತಿಕೊಳವೆಯ ಸಂದನ್ನು ತುಸು ಮೇಲಕ್ಕೆಳೆದು ಉದ್ದವನ್ನು ಹೆಚ್ಚಿಸುತ್ತಾನೆ.

ಆಮೇಲೆ ಡೋಲುಗಳ ಸದ್ದಿನೊಡನೆ ಒಂದೇ ಕ್ಷಣದಲ್ಲಿ ಎಲ್ಲ ಶ್ರುತಿಗಳೂ ಎಚ್ಚರಗೊಳ್ಳಬೇಕು, ಒಂದೇ ಕ್ಷಣದಲ್ಲಿ ಎಲ್ಲ ಚಾಂಟರುಗಳೂ ಬಾಯಿಬಿಡಬೇಕು, ಕೊನೆಯಲ್ಲಿ ಒಂದೇ ಕ್ಷಣದಲ್ಲಿ ಎಲ್ಲವೂ ನಿಲ್ಲಬೇಕು. ಒಳಮುಖವಾಗಿ ವರ್ತುಲದಲ್ಲಿ ನಿಂತ ವಾದಕರ ಸುತ್ತ ತೀರ್ಪುಗಾರರು ತಿರುಗುತ್ತ ಆಲಿಸುತ್ತಾರೆ. ಈ ಸ್ಪರ್ಧೆಗಳನ್ನು ನಿಯಂತ್ರಿಸುವ ಸ್ಕಾಟಿಷ್ ಸಂಘವು 1930ರಲ್ಲಿ ಹುಟ್ಟಿತು. ಅದು ಬ್ಯಾಂಡುಗಳನ್ನು ಸಾಮರ್ಥ್ಯಾನುಸಾರ ಶ್ರೇಣಿಗಳಲ್ಲಿ ವಿಂಗಡಿಸುವುದರಿಂದ, ಮಕ್ಕಳು ನಿನ್ನೆ ಮೊನ್ನೆ ಕಲಿತು ಕಟ್ಟಿದ ಬ್ಯಾಂಡೂ ತನಗೆ ಸಮಾನರಾದವರೊಡನೆ ಸೆಣಸಬಹುದು. ಆ ಮಕ್ಕಳು ಚೀಲವನ್ನು ಮುಟ್ಟುವ ಮುನ್ನ, ಚೀಲವಿಲ್ಲದ ಅಭ್ಯಾಸದ ಚಾಂಟರಿನಲ್ಲಿ ತಿಂಗಳುಗಟ್ಟಲೆ ಬೆರಳು ತಿದ್ದಿದವರು. ಅವರಿಗೆ ಕಲಿಸುವ ಹಿರಿಯರನೇಕರು ಅದಕ್ಕಾಗಿ ಹಣ ಪಡೆಯುವವರಲ್ಲ.

ಸ್ಪರ್ಧೆ ಮುಗಿದ ಸಂಜೆ ಬ್ಯಾಂಡುಗಳು ಒಂದರ ಹಿಂದೊಂದಾಗಿ ಡನೂನಿನ ಆರ್ಗೈಲ್ ಬೀದಿಯಲ್ಲಿ ನುಡಿಸುತ್ತ ಸಾಗುವ ಪದ್ಧತಿಯುಂಟು. ಪ್ರತಿಯೊಂದೂ ತನ್ನ ಶ್ರುತಿಯನ್ನು ತಾನೇ ಗೊತ್ತುಮಾಡಿಕೊಂಡುದರಿಂದ, ಮುಂದಿನದು 478ರಲ್ಲಿ, ಹಿಂದಿನದು 483ರಲ್ಲಿ ಇರಬಹುದು. ಎರಡರ ನಡುವೆ ಬೀದಿಯಂಚಿನಲ್ಲಿ ನಿಂತವರಿಗೆ, ಹಗಲೆಲ್ಲ ಅಷ್ಟು ಶ್ರಮಿಸಿ ಅಳಿಸಿದ ವಿಸ್ಪಂದವು ಸೆಕೆಂಡಿಗೆ ಐದರಂತೆ ಧಾರಾಳವಾಗಿ ಕೇಳಿಬರುತ್ತದೆ. ಅದನ್ನು ಅಳೆಯಲು ಅಲ್ಲಿ ತೀರ್ಪುಗಾರರಾರೂ ಇಲ್ಲ, ಮೊದಲ ಶ್ರೇಣಿಯವರೂ ಮಕ್ಕಳ ಬ್ಯಾಂಡೂ ಒಂದೇ ಬೀದಿಯಲ್ಲಿ ಹೆಜ್ಜೆ ಹಾಕುತ್ತಾರೆ.