ಹಿಮದೂರಿನ ಹೋಟೆಲಿನಲ್ಲಿ ಮೊಮ್ಮಗಳು

ಕಳೆದ ವರ್ಷ, ಅಂದರೆ 2025ರ ಜೂನ್ ಮೊದಲ ವಾರ. ನೆಂಟರ ಮನೆಯ ಮದುವೆಯಲ್ಲಿ ಊಟಕ್ಕೆ ಕುಳಿತಿದ್ದೆ. ಪಕ್ಕದ ಎಲೆಯವರು ಕೇಳಿದರು, "ಮೊಮ್ಮಗಳು ಆಸ್ಟ್ರೇಲಿಯಾಕ್ಕೆ ಹೋದಳಂತೆ. ಅಲ್ಲಿ ಎಂತ ಮಾಡ್ತಾಳೆ?"

ನಾನು ಸಾರನ್ನ ಕಲಸುತ್ತಾ, "ಹೋಟೆಲ್ ಮ್ಯಾನೇಜ್‌ಮೆಂಟಿನಲ್ಲಿ ಇದ್ದಾಳೆ" ಎಂದೆ.

ಅದು ಸುಳ್ಳು. ಅವಳು ಹೋಗಿದ್ದು ಹೋಟೆಲಿನ ಕೋಣೆಗಳಲ್ಲಿ ಹಾಸಿಗೆ ಹಾಸುವ, ಬಚ್ಚಲು ತೊಳೆಯುವ ಕೆಲಸಕ್ಕೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತೇಳು ವರ್ಷ ಪೈಸೆ ಆಚೀಚೆ ಆಗದಂತೆ ಲೆಕ್ಕ ಬರೆದ ನಾನು, ಊಟದ ಎಲೆಯ ಮುಂದೆ ಕುಳಿತು ಸುಳ್ಳು ಹೇಳಿದ್ದೆ. ಆ ಸುಳ್ಳಿನ ಕತೆಯನ್ನೂ, ಅದನ್ನು ಬಿಡಿಸಿದ ಒಂದು ನೋಟ್‌ಬುಕ್ಕಿನ ಕತೆಯನ್ನೂ ಹೇಳುತ್ತೇನೆ.

ಚೀಟಿ ಎತ್ತಿ ಸಿಕ್ಕಿದ ವೀಸಾ

ಮೊಮ್ಮಗಳಿಗೆ ಇಪ್ಪತ್ತನಾಲ್ಕು ವರ್ಷ. ನನ್ನ ಹಾಗೆಯೇ ಬಿಕಾಂ. ಬೆಂಗಳೂರಿನ ಕಚೇರಿಯೊಂದರಲ್ಲಿ ಎರಡು ವರ್ಷ ಕೆಲಸ ಮಾಡಿದ್ದಳು. ಒಂದು ದಿನ ಫೋನ್ ಮಾಡಿ, "ಅಜ್ಜಯ್ಯ, ನನಗೆ ಆಸ್ಟ್ರೇಲಿಯಾದ ವೀಸಾ ಸಿಕ್ಕಿತು. ಒಂದು ವರ್ಷ ಅಲ್ಲಿ ತಿರುಗಾಡಿ, ಖರ್ಚಿಗೆ ಅಲ್ಲೇ ದುಡಿದುಕೊಳ್ಳುತ್ತೇನೆ" ಎಂದಳು.

ಅಂಥ ವೀಸಾ ಇದೆಯೆಂದೇ ನನಗೆ ತಿಳಿದಿರಲಿಲ್ಲ. ಅದಕ್ಕೆ 'ವರ್ಕ್ ಅಂಡ್ ಹಾಲಿಡೇ' ವೀಸಾ ಎನ್ನುತ್ತಾರೆ, ಸಂಖ್ಯೆ 462. ಹದಿನೆಂಟರಿಂದ ಮೂವತ್ತು ವರ್ಷದೊಳಗಿನವರಿಗೆ ಮಾತ್ರ. ಭಾರತೀಯರಿಗೆ ಇದು ತೆರೆದದ್ದು 2024ರಲ್ಲಿ. ವರ್ಷಕ್ಕೆ 1,000 ಮಂದಿಗೆ ಅವಕಾಶ. ಕೇಳುವವರು ಬಹಳ, ಇರುವುದು ಸ್ವಲ್ಪ. ಆದ್ದರಿಂದ ಚೀಟಿ ಎತ್ತಿದ ಹಾಗೆ ಕಂಪ್ಯೂಟರಿನಲ್ಲಿ ಹೆಸರು ಆರಿಸುತ್ತಾರೆ. ಹೆಸರು ಬಂದವರು ಓದಿನ ಪ್ರಮಾಣಪತ್ರ, ಇಂಗ್ಲಿಷ್ ಜ್ಞಾನ, ಕೈಯಲ್ಲಿ ಒಂದಿಷ್ಟು ಹಣ ಇರುವುದನ್ನು ತೋರಿಸಬೇಕು. "ಈ ವೀಸಾ ಖಂಡಿತ ಮಾಡಿಸಿಕೊಡುತ್ತೇನೆ" ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಚೀಟಿ ಎತ್ತುವಲ್ಲಿ ಖಂಡಿತ ಎಂಬುದಿಲ್ಲ.

"ಅಲ್ಲಿ ಎಂಥ ಕೆಲಸ?" ಎಂದು ಕೇಳಿದೆ. "ಹಿಮ ಬೀಳುವ ಊರಿನ ಹೋಟೆಲಿನಲ್ಲಿ ಹೌಸ್‌ಕೀಪಿಂಗ್. ನಾಲ್ಕು ತಿಂಗಳ ಸೀಸನ್ ಕೆಲಸ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ನಮ್ಮಪ್ಪಯ್ಯ ಎಂಜಲು ಲೋಟ ತೊಳೆದು ನನ್ನನ್ನು ಓದಿಸಿದ್ದು, ನೀನು ಪರದೇಶದಲ್ಲಿ ಬಚ್ಚಲು ತೊಳೆಯಲಿ ಅಂತ ಅಲ್ಲ" ಎಂದುಬಿಟ್ಟೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲನೆ ಕೇಳಿದಳು, "ಮುತ್ತಜ್ಜ ಲೋಟ ತೊಳೀತಿದ್ರಾ? ನೀವು ಒಂದು ದಿನವೂ ಹೇಳಲಿಲ್ಲವಲ್ಲ ಅಜ್ಜಯ್ಯ?"

ಅಪ್ಪಯ್ಯನ ಮುಂಬಯಿ

ಹೌದು, ಹೇಳಿರಲಿಲ್ಲ. ನಮ್ಮ ಕರಾವಳಿಯಲ್ಲಿ 'ಹೋಟೆಲಿಗೆ ಹೋದ' ಎಂದರೆ ತಿಂಡಿ ತಿನ್ನಲು ಹೋದ ಎಂದಲ್ಲ. ಊರು ಬಿಟ್ಟು ಮುಂಬಯಿಗೋ ಬೆಂಗಳೂರಿಗೋ ಮದ್ರಾಸಿಗೋ ದುಡಿಯಲು ಹೋದ ಎಂದರ್ಥ. ಉಡುಪಿ, ಕುಂದಾಪುರ ಕಡೆಯ ಎಷ್ಟೋ ಹುಡುಗರು ಹಾಗೆ ಹೋದರು. ಹಗಲು ಮೇಜು ಒರೆಸಿ, ರಾತ್ರಿ ಶಾಲೆಯಲ್ಲಿ ಕನ್ನಡ, ಇಂಗ್ಲಿಷ್ ಕಲಿತವರಿದ್ದಾರೆ. ಕೆಲವರು ಮುಂದೆ ತಾವೇ ಹೋಟೆಲ್ ಇಟ್ಟರು. ನಮ್ಮಪ್ಪಯ್ಯ ಇಡಲಿಲ್ಲ. ಲೋಟ ತೊಳೆಯಲು ಸೇರಿದವರು ಸಪ್ಲೈಯರ್ ಆಗಿ ಮುಗಿಸಿದರು.

ತಿಂಗಳಿಗೊಮ್ಮೆ ಮನಿಯಾರ್ಡರ್ ಬರುತ್ತಿತ್ತು. ಅದರ ಚೀಟಿಯಲ್ಲಿ ಎರಡು ಸಾಲು ಬರೆಯಲು ಜಾಗ. 'ನಾನು ಕ್ಷೇಮ. ಮಗನನ್ನು ಶಾಲೆ ಬಿಡಿಸಬೇಡ.' ಅಮ್ಮನಿಗೆ ಓದಿ ಹೇಳುತ್ತಿದ್ದವನು ನಾನೇ.

1969ರಲ್ಲಿ ನಾನು ಬಿಕಾಂಗೆ ಸೇರುವಾಗ ಅಪ್ಪಯ್ಯ ರಜೆಯಲ್ಲಿ ಊರಿಗೆ ಬಂದಿದ್ದರು. ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬಲ್ಲಿ ನಾನು ಇಂಗ್ಲಿಷಿನಲ್ಲಿ 'ಬಿಸಿನೆಸ್' ಎಂದು ಬರೆದೆ. ಸಹಿ ಹಾಕುವ ಮೊದಲು ಅವರು ಬೆರಳಿಟ್ಟು ಕೇಳಿದರು, "ಇಲ್ಲಿ ಎಂತ ಬರ್ದೆ?" ನಾನು, "ಹೋಟೆಲ್ ಬಿಸಿನೆಸ್" ಎಂದೆ. ಅವರು ನನ್ನ ಮುಖ ನೋಡಿದರು. ಏನೂ ಹೇಳದೆ ಸಹಿ ಹಾಕಿದರು.

ಎರಡು ವರ್ಷದ ಮೇಲೆ ಅವರು ಕೆಲಸ ಬಿಟ್ಟು ಬಂದರು. ಊಟ, ವಸತಿ, ಮನಿಯಾರ್ಡರ್ ಕಳೆದು ಉಳಿದ ಸಂಬಳ ಧಣಿಗಳ ಬಳಿಯೇ ಜಮೆಯಾಗುತ್ತಿತ್ತು. ಕೊನೆಗೆ ಕೈಗೆ ಬಂದದ್ದು ಅಂದುಕೊಂಡದ್ದರ ಅರ್ಧವೂ ಅಲ್ಲ. ವಾಣಿಜ್ಯ ಓದುತ್ತಿದ್ದ ನಾನು ಜಂಬದಿಂದ, "ಲೆಕ್ಕದ ಪುಸ್ತಕ ಎಲ್ಲಿ?" ಎಂದು ಕೇಳಿದೆ. ಅಪ್ಪಯ್ಯ ಹೇಳಿದ್ದು ಇಷ್ಟೇ: "ಧಣಿ ಬರೆದಿಟ್ಟಿದ್ದರು. ನಾನು ಬರೆದಿಡಲಿಲ್ಲ."

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದ್ದು ಅವಳು ಹೊರಡುವ ಹಿಂದಿನ ದಿನ. ಹೇಳಿ, ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟೆ. ಸ್ಕೇಲಿನಲ್ಲಿ ಗೆರೆ ಎಳೆದು ಐದು ಕಾಲಂ ಮಾಡಿದ್ದೆ: ತಾರೀಕು, ಕೆಲಸ ಶುರುವಾದ ಹೊತ್ತು, ಊಟದ ಬಿಡುವು, ಮುಗಿದ ಹೊತ್ತು, ಒಟ್ಟು ಗಂಟೆ. "ಇದಕ್ಕೆಲ್ಲ ಆ್ಯಪ್ ಇದೆ ಅಜ್ಜಯ್ಯ" ಎಂದು ನಕ್ಕಳು. ಆದರೂ ಬ್ಯಾಗಿಗೆ ಹಾಕಿಕೊಂಡಳು.

ನಮಗೆ ಮಳೆಗಾಲ, ಅಲ್ಲಿ ಹಿಮ

ಮಕ್ಕಳೇ, ಭೂಪಟ ತೆಗೆಯಿರಿ. ಆಸ್ಟ್ರೇಲಿಯಾದ ಆಗ್ನೇಯ ಮೂಲೆಯಲ್ಲಿ ಸ್ನೋಯಿ ಪರ್ವತಗಳಿವೆ. ಅಲ್ಲಿರುವ ಕೊಸಿಯಸ್ಕೊ ಶಿಖರ 2,228 ಮೀಟರ್ ಎತ್ತರ. ಆ ಖಂಡದ ನೆಲದಲ್ಲಿ ಅದಕ್ಕಿಂತ ಎತ್ತರದ್ದಿಲ್ಲ. ಭೂಮಧ್ಯರೇಖೆಯ ಆ ಕಡೆ ಇರುವುದರಿಂದ ನಮಗೆ ಮಳೆ ಸುರಿಯುವ ಜೂನ್‌ನಿಂದ ಸೆಪ್ಟೆಂಬರ್ ಅಲ್ಲಿ ಚಳಿಗಾಲ. ಜೂನ್ ಎರಡನೇ ವಾರದಿಂದ ಅಕ್ಟೋಬರ್ ಮೊದಲ ವಾರದವರೆಗೆ ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಜನ ಬರುತ್ತಾರೆ. ಆ ನಾಲ್ಕು ತಿಂಗಳು ಹೋಟೆಲುಗಳಿಗೆ ಎಷ್ಟು ಕೈಗಳಿದ್ದರೂ ಸಾಲದು. ಹಿಮ ಕರಗಿದರೆ ಅಷ್ಟು ಜನ ಬೇಡ. ಅದಕ್ಕೇ ಇದು ಸೀಸನ್ ಕೆಲಸ.

ಮೊಮ್ಮಗಳು ಇದ್ದದ್ದು ಜಿಂಡಬೈನ್ ಎಂಬ ಊರಿನಲ್ಲಿ. ಸಿಡ್ನಿಯಿಂದ ಸುಮಾರು 450 ಕಿಲೋಮೀಟರ್. ಊರಿನ ಪಕ್ಕದಲ್ಲೇ ದೊಡ್ಡ ಕೆರೆಯಂಥ ಜಲಾಶಯ. ಹಳೆಯ ಜಿಂಡಬೈನ್ ಅದರ ನೀರಿನಡಿ ಇದೆ! 1960ರ ದಶಕದಲ್ಲಿ ಅಣೆಕಟ್ಟು ಕಟ್ಟಿದಾಗ ಊರನ್ನೇ ಮೇಲಕ್ಕೆ ಸಾಗಿಸಿದರು. ಲಿಂಗನಮಕ್ಕಿಯಲ್ಲಿ ಮನೆ, ತೋಟ ಮುಳುಗಿದ ಕತೆ ಕೇಳಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. 1949ರಿಂದ 1974ರವರೆಗೆ ನಡೆದ ಆ ನೀರು, ವಿದ್ಯುತ್ ಯೋಜನೆಯಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ದುಡಿದರು. ಅವರಲ್ಲಿ ಮೂವತ್ತಕ್ಕೂ ಹೆಚ್ಚು ದೇಶಗಳಿಂದ ಬಂದವರಿದ್ದರು. ಹೊರಗಿನಿಂದ ಬಂದ ಕೈಗಳು ಆ ಬೆಟ್ಟಗಳಿಗೆ ಹೊಸತಲ್ಲ.

ಪ್ರತಿ ಭಾನುವಾರ ನಮ್ಮಲ್ಲಿ ಮಧ್ಯಾಹ್ನ ಒಂದು ಗಂಟೆಗೆ ವಿಡಿಯೋ ಕರೆ. ಅಲ್ಲಿ ಆಗ ಸಂಜೆ ಐದೂವರೆ, ಆಗಲೇ ಕತ್ತಲು. ಬೆಳಿಗ್ಗೆ ಹುಲ್ಲಿನ ಮೇಲೆ ಕಾಂಗರೂಗಳು ಮೇಯುವುದನ್ನು ನೋಡಿದ್ದು, ಮೊದಲ ಸಲ ಹಿಮ ಬಿದ್ದಾಗ ಕೆಲಸ ಬಿಟ್ಟು ಅಂಗಳಕ್ಕೆ ಓಡಿದ್ದು, ಹೀಗೆ ಅವಳ ಕತೆಗಳು.

ಕೆಲಸದ ಕತೆಯೂ ಬರುತ್ತಿತ್ತು. ಎಂಟೂವರೆಗೆ ತಳ್ಳುಗಾಡಿ ತುಂಬಿಕೊಳ್ಳಬೇಕು: ಹೊದಿಕೆ, ಟವೆಲು, ಸಾಬೂನು, ಚಹಾ ಪುಡಿಯ ಚೀಲ. ದಿನಕ್ಕೆ ಹನ್ನೆರಡು ಹದಿಮೂರು ಕೋಣೆ. ಅತಿಥಿ ಇನ್ನೂ ಇರುವ ಕೋಣೆಗೆ ಕಾಲು ಗಂಟೆ. ಖಾಲಿ ಮಾಡಿದ ಕೋಣೆಗೆ ಅರ್ಧ ಗಂಟೆ. ಧೂಳು ಒರೆಸುವುದು ಮೇಲಿನಿಂದ ಕೆಳಕ್ಕೆ, ನೆಲ ಒಳಗಿನಿಂದ ಬಾಗಿಲಿನ ಕಡೆಗೆ. ಶೌಚಾಲಯಕ್ಕೆ ಒಂದು ಬಣ್ಣದ ಬಟ್ಟೆ, ಲೋಟಕ್ಕೆ ಇನ್ನೊಂದು; ಅದಲು ಬದಲಾಗಕೂಡದು. ಹೊದಿಕೆಯ ಮೂಲೆಯನ್ನು ಲಕೋಟೆಯ ಹಾಗೆ ಮಡಿಚಿ ಹಾಸಿಗೆಯಡಿ ಸಿಕ್ಕಿಸಬೇಕು. ಹಾಸಿಗೆ ಎತ್ತುವಾಗ ಸೊಂಟ ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು. ಮೊದಲ ವಾರ ಅವಳಿಗೆ ಸೊಂಟ ನೋವು ಬಂದದ್ದು ಇದು ಗೊತ್ತಿಲ್ಲದೆ.

ಒಂದು ದಿನ ಅವಳ ಅಜ್ಜಿ, "ನಮ್ಮ ಮನೆ ಹಾಸಿಗೆಯನ್ನು ಒಂದು ದಿನವಾದರೂ ಮಡಿಚಿದ್ದೀಯಾ?" ಎಂದು ಕೇಳಿದಳು. ಮೂವರೂ ನಕ್ಕೆವು. ನನ್ನ ಸಿಟ್ಟು ಇಳಿಯತೊಡಗಿದ್ದು ಅಂದಿನಿಂದ ಇರಬೇಕು.

ತಾಳೆಯಾಗದ ಲೆಕ್ಕ

ಜುಲೈ ಮಧ್ಯದ ಒಂದು ಭಾನುವಾರ ಅವಳ ಮುಖ ಸಪ್ಪಗಿತ್ತು. ಹದಿನೈದು ದಿನದ ಸಂಬಳದ ಚೀಟಿಯಲ್ಲಿ 64 ಗಂಟೆ ಇತ್ತು. ನೋಟ್‌ಬುಕ್ಕಿನಲ್ಲಿ ಅರವತ್ತೆಂಟೂವರೆ.

"ಎರಡನ್ನೂ ಫೋಟೋ ಹೊಡೆದು ಕಳಿಸು" ಎಂದೆ. ಊಟದ ಮೇಜಿನ ಮೇಲೆ ಕನ್ನಡಕ ಹಾಕಿ ಕುಳಿತೆ. ನಮ್ಮ ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಯಾರೂ ಮನೆಗೆ ಹೋಗುವ ಹಾಗಿರಲಿಲ್ಲ. ಆ ಅಭ್ಯಾಸ ಎಲ್ಲಿ ಹೋಗುತ್ತದೆ?

ಗಂಟೆಯ ವ್ಯತ್ಯಾಸ ಎರಡು ಶನಿವಾರಗಳದ್ದು. ಆ ದಿನ ಹಳೆಯ ಅತಿಥಿಗಳು ಹೋಗಿ ಹೊಸಬರು ಬರುತ್ತಾರೆ. ಕೆಲಸ ತಡವಾಗಿ ಮುಗಿಯುತ್ತದೆ. ಚೀಟಿಯಲ್ಲಿ ಬರೆದದ್ದು ಮೊದಲೇ ನಿಗದಿ ಮಾಡಿದ ಗಂಟೆ, ನಿಜವಾಗಿ ದುಡಿದ ಗಂಟೆಯಲ್ಲ. ಇನ್ನೊಂದು ತಪ್ಪು ದರದಲ್ಲಿ. ಆಸ್ಟ್ರೇಲಿಯಾದಲ್ಲಿ ಕನಿಷ್ಠ ವೇತನ ಪ್ರತಿ ಜುಲೈಯಲ್ಲಿ ಬದಲಾಗುತ್ತದೆ. 2025ರ ಜುಲೈ 1ರಿಂದ ಗಂಟೆಗೆ 24.10 ಡಾಲರ್ ಇದ್ದದ್ದು 24.95 ಆಗಿತ್ತು. ಅವಳಂಥ ತಾತ್ಕಾಲಿಕ ಕೆಲಸಗಾರರಿಗೆ ರಜೆಯ ಸಂಬಳ ಇಲ್ಲದ ಕಾರಣ ಅದರ ಮೇಲೆ ಇನ್ನೂ ಕಾಲು ಭಾಗ ಸೇರಿಸಬೇಕು. ಎಷ್ಟಾಯಿತೆಂದು ಮಕ್ಕಳು ಲೆಕ್ಕ ಹಾಕಿ ನೋಡಿ. 31 ಡಾಲರ್ 19 ಸೆಂಟ್ ಬರಬೇಕು. ಚೀಟಿಯಲ್ಲಿ ಇದ್ದದ್ದು ಹಳೆಯ ದರ.

"ಕೇಳು" ಎಂದೆ. ಅವಳು ಹಿಂಜರಿದಳು. ಜೊತೆಯ ಹುಡುಗ ಹುಡುಗಿಯರು ಬೇರೆ ಬೇರೆ ದೇಶದವರು. ಎಲ್ಲರೂ, "ಬಿಟ್ಟುಬಿಡು, ಸಣ್ಣ ಊರು, ಮುಂದಿನ ವಾರ ಕೆಲಸ ಕಡಿಮೆ ಕೊಟ್ಟರೆ?" ಎಂದಿದ್ದರಂತೆ. ಆ ಭಯ ಸುಳ್ಳಲ್ಲ. ನನ್ನ ಬಾಯಿಗೂ "ಹೋಗಲಿ ಬಿಡು ಮಗಾ" ಎಂಬ ಮಾತು ಬಂದಿತ್ತು. ಅಷ್ಟರಲ್ಲಿ ಅಪ್ಪಯ್ಯನ ಮಾತು ನೆನಪಾಯಿತು. ಇವಳು ಬರೆದಿಟ್ಟಿದ್ದಾಳಲ್ಲ!

ಇಬ್ಬರೂ ಕೂತು ಒಂದು ಪತ್ರ ಮಾಡಿದೆವು. ದೂರು ಇಲ್ಲ, ಆರೋಪ ಇಲ್ಲ. ತಾರೀಕು, ದುಡಿದ ಗಂಟೆ, ಚೀಟಿಯ ಗಂಟೆ, ವ್ಯತ್ಯಾಸ. ಕೊನೆಗೆ "ದಯವಿಟ್ಟು ಪರಿಶೀಲಿಸಿ" ಎಂದು ಒಂದೇ ಸಾಲು. ಸರಿಹೋಗದಿದ್ದರೆ ಕೇಳಲು ಅಲ್ಲಿ ಫೇರ್ ವರ್ಕ್ ಎಂಬ ಸರ್ಕಾರಿ ಕಚೇರಿಯಿದೆ. ಹೊರದೇಶದಿಂದ ಬಂದವರಿಗೂ ಅದೇ ಕಾನೂನು, ಅದೇ ದರ.

ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ನಾಲ್ಕು ದಿನ ಅವಳಿಗೂ ನಿದ್ದೆಯಿಲ್ಲ, ನನಗೂ ಇಲ್ಲ. ಐದನೇ ದಿನ ಮ್ಯಾನೇಜರಮ್ಮ ಕರೆದು ನೋಟ್‌ಬುಕ್ ತೆರೆಸಿ ನೋಡಿದರಂತೆ. ಸಂಬಳದ ಕಂಪ್ಯೂಟರಿಗೆ ಹೊಸ ದರ ಹಾಕುವುದು ತಪ್ಪಿಹೋಗಿತ್ತು. ಮುಂದಿನ ಸಂಬಳದಲ್ಲಿ ಬಾಕಿ ಬಂತು: 230 ಡಾಲರಿಗಿಂತ ಸ್ವಲ್ಪ ಹೆಚ್ಚು; ನಮ್ಮ ಹದಿಮೂರು ಸಾವಿರ ರೂಪಾಯಿ ಹತ್ತಿರ. "ನನಗೊಬ್ಬಳಿಗಲ್ಲ ಅಜ್ಜಯ್ಯ, ಹಳೇ ದರ ಕೊಟ್ಟವರಿಗೆಲ್ಲ ಬಂತು" ಎಂದಳು. ಮರುದಿನ ಜೊತೆಯವರೂ ನೋಟ್‌ಬುಕ್ ಕೊಂಡರಂತೆ.

ಎಲ್ಲವೂ ಕೈಗೆ ಬರುವುದಿಲ್ಲ, ಅದನ್ನೂ ಹೇಳಬೇಕು. ಈ ವೀಸಾದವರಿಗೆ ಮೊದಲ ಡಾಲರಿನಿಂದಲೇ ನೂರಕ್ಕೆ 15 ತೆರಿಗೆ. ಒಪ್ಪಿ ಸಹಿ ಹಾಕಿದ್ದರಿಂದ ಕೋಣೆ ಬಾಡಿಗೆ ಸಂಬಳದಲ್ಲೇ ಕಳೆಯುತ್ತಿದ್ದರು. ನಮ್ಮ ಭವಿಷ್ಯನಿಧಿಯ ಹಾಗೆ ಮಾಲೀಕರು ಸಂಬಳದ ಮೇಲೆ ನೂರಕ್ಕೆ 12 ಜಮೆ ಮಾಡುತ್ತಾರೆ. ಆದರೆ ದೇಶ ಬಿಡುವಾಗ ಅದನ್ನು ಕೇಳಿದರೆ ನೂರಕ್ಕೆ 65 ತೆರಿಗೆ ಹಿಡಿದು ಕೊಡುತ್ತಾರೆ. ನನ್ನ ಬ್ಯಾಂಕಿನ ಬುದ್ಧಿಗೆ ಇದು ಇನ್ನೂ ಒಗ್ಗಿಲ್ಲ. ಆದರೂ ಉಳಿದದ್ದರಲ್ಲಿ ಅವಳು ಅಕ್ಟೋಬರಿನಲ್ಲಿ ಬಸ್ಸು ಹಿಡಿದು ಮೆಲ್ಬರ್ನ್, ಆಮೇಲೆ ಹಡಗಿನಲ್ಲಿ ಟಾಸ್ಮೇನಿಯಾ ನೋಡಿ ಬಂದಳು. ಯಾರ ಹತ್ತಿರವೂ ಕೈ ಚಾಚಲಿಲ್ಲ.

ಮೊನ್ನೆ ದೇವಸ್ಥಾನದ ಊಟದಲ್ಲಿ ಅದೇ ನೆಂಟರು ಮತ್ತೆ ಸಿಕ್ಕಿದರು. "ಮೊಮ್ಮಗಳ ಮ್ಯಾನೇಜ್‌ಮೆಂಟ್ ಹೇಗೆ ನಡೀತಿದೆ?" ಎಂದರು.

"ಮ್ಯಾನೇಜ್‌ಮೆಂಟ್ ಅಲ್ಲ ಮಾರಾಯರೆ, ನಾನು ಅವತ್ತು ಸುಳ್ಳು ಹೇಳಿದ್ದು. ಅವಳು ಹೋಟೆಲಿನಲ್ಲಿ ಹಾಸಿಗೆ ಹಾಸ್ತಿದ್ದಳು. ನಮ್ಮಪ್ಪಯ್ಯ ಮುಂಬಯಿಯಲ್ಲಿ ಲೋಟ ತೊಳೀತಿದ್ರು, ಹಾಗೆಯೇ" ಎಂದೆ.

ಅವರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಎಲೆಯ ಕಡೆ ನೋಡುತ್ತಾ ಹೇಳಿದರು, "ನಮ್ಮ ತಂದೆಯೂ ಹೋಟೆಲಿಗೇ ಹೋದದ್ದು. ಪುಣೆಗೆ."

ಪಾಯಸ ಬರುವವರೆಗೆ ಇಬ್ಬರೂ ಅಪ್ಪಂದಿರ ಮಾತೇ ಆಡಿದೆವು.