ಸ್ಟಿಲ್ಟಿನ ಮೂಲೆಯಿಂದ ಡ್ರೈ ಬಾಲ್ಕನಿಗೆ

ಸೊಸೈಟಿಯ ಸ್ಟಿಲ್ಟಿನಲ್ಲಿ, ಸ್ಕೂಟರುಗಳ ಸಾಲು ಮುಗಿದ ಮೇಲೆ, ನೀರಿನ ಪಂಪಿನ ಪಕ್ಕ ಒಂದು ಮೂಲೆ ಖಾಲಿ ಬಿದ್ದಿರುತ್ತದೆ. ಡೊಂಬಿವಲಿಯಲ್ಲೋ ಥಾಣೆಯಲ್ಲೋ ಮನೆ ಮಾಡಿಕೊಂಡು, ಕೈಯಲ್ಲಿ ಒಂದಿಷ್ಟು ಕಸುಬು ಇಟ್ಟುಕೊಂಡವರ ಕಣ್ಣು ಮೊದಲು ಬೀಳುವುದು ಅಲ್ಲಿಗೇ. ಒಂದು ಬೆಂಚು, ಒಂದು ವೈಸ್, ಮೇಲೊಂದು ಟ್ಯೂಬ್‌ಲೈಟ್, ಇಷ್ಟಾದರೆ ಸಾಕಲ್ಲ ಅನ್ನಿಸುತ್ತದೆ.

ಆದರೆ ಆ ಮೂಲೆ ಯಾರದು ಎಂಬ ತಗಾದೆ ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದಿದೆ. ದಹಿಸರಿನ ಪಾಂಚಾಲಿ ಸೊಸೈಟಿಯ ವ್ಯಾಜ್ಯದಲ್ಲಿ 2010ರ ಆಗಸ್ಟ್ 31ರಂದು ತೀರ್ಪು ಬಂತು: ಕಂಬಗಳ ನಡುವಿನ ತೆರೆದ ಪಾರ್ಕಿಂಗ್ ಜಾಗ ಗ್ಯಾರೇಜ್ ಅಲ್ಲ, ಬಿಲ್ಡರ್ ಅದನ್ನು ಬೇರೆಯಾಗಿ ಮಾರುವಂತಿಲ್ಲ, ಅದು ಎಲ್ಲ ನಿವಾಸಿಗಳಿಗೂ ಸೇರಿದ್ದು. ಮುಂದೆ 2016ರ ರೇರಾ ಕಾಯ್ದೆ ಇನ್ನೂ ಬಿಡಿಸಿ ಹೇಳಿತು. ಮೇಲೆ ಸೂರು, ಮೂರು ಕಡೆ ಗೋಡೆ ಇದ್ದರೆ ಮಾತ್ರ ಗ್ಯಾರೇಜ್. ಹಾಗಾಗಿ ಸ್ಟಿಲ್ಟಿನಲ್ಲಿ ಬೆಂಚು ಹಾಕಿ ಬೀಗ ಜಡಿದವರು ಇಡೀ ಕಟ್ಟಡದವರ ಜಾಗದಲ್ಲಿ ಬೇಲಿ ಹಾಕಿದಂತೆ. ಸೊಸೈಟಿಯ ಮೀಟರಿನಿಂದ ಡ್ರಿಲ್ಲಿಗೆ ಕರೆಂಟು ಎಳೆದರಂತೂ ಮುಂದಿನ ಸಾಮಾನ್ಯ ಸಭೆಯ ಮೊದಲ ವಿಷಯ ಅವರದೇ.

ಅಮೆರಿಕದ ಪಾಲೋ ಆಲ್ಟೊದಲ್ಲಿ ಹ್ಯೂಲೆಟ್ ಮತ್ತು ಪ್ಯಾಕರ್ಡ್ 1939ರಲ್ಲಿ ಕಂಪನಿ ಕಟ್ಟಿದ ಗ್ಯಾರೇಜು ಈಗ ಸ್ಮಾರಕ. ಮನೆಯ ವರ್ಕ್‌ಶಾಪ್ ಎಂದಾಕ್ಷಣ ಪುಸ್ತಕ, ವಿಡಿಯೊಗಳೆಲ್ಲ ಅಂಥದೇ ಕಾರು ನಿಲ್ಲಿಸುವ ಕೋಣೆಯಿಂದ ಶುರುವಾಗುತ್ತವೆ. ಇಲ್ಲಿ ಅದನ್ನು ನಂಬಿ ಹೊರಟರೆ ಕೆಲಸ ಕೆಟ್ಟೀತು. ಇಲ್ಲಿನ ವರ್ಕ್‌ಶಾಪಿಗೆ ಜಾಗಕ್ಕಿಂತ ಹೊತ್ತು ಮುಖ್ಯ: ಹಗಲು ಬಿಚ್ಚಿಕೊಂಡು ರಾತ್ರಿ ಮಡಚಿಕೊಳ್ಳಬೇಕು.

ವರ್ಕ್‌ಶಾಪಿನ ಆಸೆಗೆ ಕಾರಣವೇನೋ ಗಟ್ಟಿಯಾಗಿದೆ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ಹುಟ್ಟಿದ್ದು 1962ರಲ್ಲಿ. ಅದರ ಮೊದಮೊದಲ ಕೈಗಾರಿಕಾ ಪ್ರದೇಶಗಳಲ್ಲಿ ಒಂದು ಥಾಣೆಯ ವಾಗ್ಳೆ ಎಸ್ಟೇಟ್. ಕಳ್ವಾದ ಮುಕುಂದ್, ಸೀಮೆನ್ಸ್, ಶಹಾಡಿನ ಸೆಂಚುರಿ ರೇಯಾನ್, ಅಂಬರನಾಥದ ಆರ್ಡ್‌ನೆನ್ಸ್ ಕಾರ್ಖಾನೆ, ಡೊಂಬಿವಲಿಯ ಎಂಐಡಿಸಿ: ಈ ಪಟ್ಟಿಯುದ್ದಕ್ಕೂ ಫಿಟ್ಟರ್, ಟರ್ನರ್, ಟೂಲ್‌ಮೇಕರ್ ಆಗಿ ಬೆವರು ಸುರಿಸಿದವರಲ್ಲಿ ಕನ್ನಡಿಗರೂ ಇದ್ದರು. ಅರ ಹಿಡಿದು ನೂಲಿನಷ್ಟು ಅಳತೆ ತೆಗೆದ ಕೈ ನಿವೃತ್ತಿಯಾದ ಮೇಲೆ ಬರಿದೇ ಟಿ.ವಿ. ರಿಮೋಟ್ ಒತ್ತುತ್ತ ಕೂರುವುದು ಕಷ್ಟ. ಅವರ ಜೊತೆಗೆ ಈಗ ಐರೋಲಿ, ಮಹಾಪೆಯ ಐಟಿ ಹುಡುಗರೂ ಸೇರಿದ್ದಾರೆ. ಅವರಿಗೆ ತ್ರೀಡಿ ಪ್ರಿಂಟರ್ ಬೇಕು, ಸೋಲ್ಡರಿಂಗ್ ಮೇಜು ಬೇಕು.

ಹಾಗಾದರೆ ಜಾಗ ಎಲ್ಲಿದೆ? ಡೊಂಬಿವಲಿ ಎಂಐಡಿಸಿಯ ವಸತಿ ವಿಭಾಗದಲ್ಲಿ ಹಳೆಯ ಬಂಗಲೆಗಳಿವೆ. ನವಿ ಮುಂಬಯಿಯಲ್ಲಿ ಸಿಡ್ಕೊ ಕಾಲದ ರೋ ಹೌಸುಗಳಿವೆ. ನನ್ನನ್ನು ಕೇಳಿದರೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು ಬೇಲಾಪುರದ ಆರ್ಟಿಸ್ಟ್ಸ್ ವಿಲೇಜ್. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಎಂಬತ್ತರ ದಶಕದಲ್ಲಿ ಅದನ್ನು ರೂಪಿಸಿದಾಗ ನಿವೇಶನಗಳನ್ನು ಸುಮಾರು 45ರಿಂದ 75 ಚದರ ಮೀಟರಿನೊಳಗೇ ಇಟ್ಟರು. ಆದರೂ ಒಂದು ಮನೆಯ ಗೋಡೆ ಇನ್ನೊಂದು ಮನೆಗೆ ಅಂಟದಂತೆ ನೋಡಿಕೊಂಡರು. ದುಡ್ಡು ಕೂಡಿದಂತೆ ಮನೆಯವರೇ ಕೋಣೆ ಕಟ್ಟಿಕೊಳ್ಳಲಿ ಎಂಬುದು ಅವರ ಎಣಿಕೆ. ಸುತ್ತಿಗೆಯ ಪೆಟ್ಟು ಪಕ್ಕದ ಮನೆಯ ಗೋಡೆಗೆ ನೇರ ತಾಗದಿರುವ ಭಾಗ್ಯ ಥಾಣೆಯ ಟವರಿನಲ್ಲಿ ಎಷ್ಟು ಕೋಟಿ ಕೊಟ್ಟರೂ ಸಿಗದು.

ಉಳಿದವರ ಪಾಲಿಗೆ ಡ್ರೈ ಬಾಲ್ಕನಿ. ಇಲ್ಲೇ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕು, ಏಕೆಂದರೆ ಡ್ರೈ ಬಾಲ್ಕನಿ ಇರುವುದು ಅಡುಗೆಮನೆಗೆ ತಾಗಿ. ಗ್ಯಾಸಿನ ಪೈಪೋ ಸಿಲಿಂಡರೋ ಅದರ ಆಸುಪಾಸಿನಲ್ಲೇ ಇರುತ್ತದೆ. ನಾಲ್ಕು ಇಂಚಿನ ಗ್ರೈಂಡರ್ ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತ ಕಿಡಿ ಉಗುಳುತ್ತದೆ. ಥಿನ್ನರಿನ ಡಬ್ಬವೂ ಅಲ್ಲೇ ಇದ್ದರೆ ಮುಗಿಯಿತು. ನನ್ನ ಮಟ್ಟಿಗೆ ಡ್ರೈ ಬಾಲ್ಕನಿಯಲ್ಲಿ ಗರಗಸ, ಉಳಿ, ಉಜ್ಜುಗೊರಡು, ಬ್ಯಾಟರಿ ಡ್ರಿಲ್ ಸರಿ. ಗ್ರೈಂಡರ್ ಬೇಡ, ವೆಲ್ಡಿಂಗ್ ಬೇಡವೇ ಬೇಡ.

ಭಾರದ ಲೆಕ್ಕವೂ ಇದೆ. ಮನೆಯ ಕೋಣೆಗಳನ್ನು ಚದರ ಮೀಟರಿಗೆ ಸುಮಾರು 200 ಕಿಲೋ, ಬಾಲ್ಕನಿಯನ್ನು ಸುಮಾರು 300 ಕಿಲೋ ಹೊರುವಂತೆ ಲೆಕ್ಕ ಹಾಕಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಅದು ಹೊಸ ಕಟ್ಟಡದ ಮಾತು. ಕಲ್ಯಾಣ್–ಡೊಂಬಿವಲಿ ಪಾಲಿಕೆ ಪ್ರತಿ ಮಳೆಗಾಲಕ್ಕೆ ಮುಂಚೆ ಅಪಾಯಕಾರಿ ಕಟ್ಟಡಗಳ ಪಟ್ಟಿ ಹೊರಡಿಸುವ ಊರಿದು. 2015ರ ಜುಲೈನಲ್ಲಿ ಠಾಕುರ್ಲಿಯ ಹಳೆಯ ಕಟ್ಟಡ ಕುಸಿದು ಜನ ಸತ್ತದ್ದನ್ನು ಯಾರೂ ಮರೆತಿಲ್ಲ. ಕಂಬಿ ತುಕ್ಕು ಹಿಡಿದು ಸಿಮೆಂಟು ಉದುರುತ್ತಿರುವ ಬಾಲ್ಕನಿಯಲ್ಲಿ ವೈಸ್ ಬಿಗಿದು ಕಬ್ಬಿಣ ಬಡಿಯುವುದು ಹುಂಬತನ.

ಸದ್ದಿಗೂ ಕಾನೂನಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಗ್ರೈಂಡರ್ ಹತ್ತಿರ ನಿಂತರೆ 90 ದಾಟುತ್ತದೆ. ಕಾನೂನಿಗಿಂತ ದೊಡ್ಡ ನ್ಯಾಯಾಧೀಶರು ಕೆಳಮಹಡಿಯಲ್ಲಿ ರಾತ್ರಿ ಪಾಳಿ ಮುಗಿಸಿ ಮಲಗಿದವರು. ಅವರಿಗೆ ಮೊದಲೇ ಒಂದು ಮಾತು ಹೇಳಿ, ಬೆಂಚಿನ ಕಾಲಿಗೆ ದಪ್ಪ ರಬ್ಬರ್ ಹಾಕಿಸಿ, ಭಾನುವಾರ ಬೆಳಿಗ್ಗೆ ಹನ್ನೊಂದರ ನಂತರ ಡ್ರಿಲ್ ಹಿಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಇನ್ನು ಮಳೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದಾಗ ಇತ್ತ ಉಲ್ಹಾಸ್ ನದಿಯೂ ಉಕ್ಕಿ ಬದ್ಲಾಪುರ, ಕಲ್ಯಾಣ್ ಕಡೆಯ ತಗ್ಗು ಮನೆಗಳಿಗೆ ನುಗ್ಗಿತು. ಆದ್ದರಿಂದ ನೆಲಮಹಡಿಯವರು ಸಾಕೆಟ್ಟುಗಳನ್ನು ಬೆಂಚಿಗಿಂತ ಮೇಲೇ ಇಡಿಸಬೇಕು, ಮೋಟಾರು ಇರುವ ಯಾವುದನ್ನೂ ನೆಲದಲ್ಲಿ ಬಿಡಬಾರದು. 16 ಆಂಪಿಯರ್ ಸಾಕೆಟ್, 2.5 ಚದರ ಮಿ.ಮೀ. ತಾಮ್ರದ ವೈರು, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ: ಇಷ್ಟಕ್ಕೆ ವೈರ್‌ಮನ್ ಹತ್ತಿರ ಚೌಕಾಸಿ ಮಾಡಬೇಡಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಡ್ರಿಲ್ ಹಿಡಿದವರ ಜೀವ ಉಳಿಸುವುದು ಆ ಕೊನೆಯ ಪುಟ್ಟ ಪೆಟ್ಟಿಗೆ.

ಪ್ರವಾಹ ಎಂದೋ ಒಮ್ಮೆ. ತೇವ ನಾಲ್ಕು ತಿಂಗಳೂ ಇರುತ್ತದೆ. ಗಾಳಿಯ ತೇವಾಂಶ ಶೇ. 60 ದಾಟಿದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಇಲ್ಲಿ ಆಷಾಢದಲ್ಲಿ 80ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಖಾಡಿಯ ಉಪ್ಪು ಗಾಳಿ ಬೇರೆ. ಉಳಿ, ಅರಗಳನ್ನು ಗೋಡೆಗೆ ಚೆಂದವಾಗಿ ನೇತುಹಾಕಿದ ಚಿತ್ರಗಳನ್ನು ನೋಡಿ ಮರುಳಾಗಬೇಡಿ. ಇಲ್ಲಿ ಅವು ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿ, ಮಷಿನ್ ಎಣ್ಣೆ ಸವರಿಸಿಕೊಂಡು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮಲಗಬೇಕು. ಹಳೆಯ ಫಿಟ್ಟರುಗಳು ಒಂದೆರಡು ಕರ್ಪೂರದ ಬಿಲ್ಲೆಯನ್ನೂ ಹಾಕುತ್ತಾರೆ. ತ್ರೀಡಿ ಪ್ರಿಂಟರಿನ ಫಿಲಮೆಂಟಿಗೂ ಇದೇ ಉಪಚಾರ. ತೇವ ಹೀರಿದ ಎಳೆ ನಳಿಗೆಯಲ್ಲಿ ಚಟಪಟ ಅನ್ನುತ್ತದೆ.

ಬೆಂಚು ಕಟ್ಟುವುದು ಇಷ್ಟೆಲ್ಲ ಆದ ಮೇಲೆ. ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟು ಬರುವ ಎತ್ತರ, ಹೆಚ್ಚಿನವರಿಗೆ 85–90 ಸೆಂ.ಮೀ. ಅಗಲ 60 ಸಾಕು; ಗೋಡೆಗೆ ಕೀಲು ಹಾಕಿ ಮಡಚುವಂತಿದ್ದರೆ 45. ಮೇಲ್ಹಲಗೆಗೆ ಐಎಸ್ 710 ಗುರುತಿನ ಮರೀನ್ ಪ್ಲೈ ತನ್ನಿ, ಐಎಸ್ 303ರ ಸಾಮಾನ್ಯ ಪ್ಲೈ ಬಾಲ್ಕನಿಯಲ್ಲಿ ಬಹುಕಾಲ ಬಾಳದು. ಉಪಕರಣಕ್ಕೆ ಮಸ್ಜಿದ್ ಸ್ಟೇಷನ್ ಹತ್ತಿರದ ನಾಗದೇವಿ ಸ್ಟ್ರೀಟ್, ವೈರು–ಸ್ವಿಚ್ಚಿಗೆ ಲೋಹಾರ್ ಚಾಳ್. ಭಾರದ ವೈಸ್ ಕೊಂಡರೆ ಸಂಜೆಯ ಡೊಂಬಿವಲಿ ಫಾಸ್ಟ್ ಹತ್ತುವ ಯೋಚನೆ ಬಿಡಿ, ಮಧ್ಯಾಹ್ನ ಲಗೇಜ್ ಡಬ್ಬಿಯಲ್ಲಿ ಬನ್ನಿ. ಲೇತಿನ ಕೆಲಸವಿದ್ದರೆ ಮನೆಗೆ ಲೇತ್ ತರುವುದಕ್ಕಿಂತ ಎಂಐಡಿಸಿಯ ಯಾವುದಾದರೂ ಗಾಲಾಕ್ಕೆ (ಸಣ್ಣ ಕಾರ್ಖಾನೆಯ ಮಳಿಗೆಗೆ) ಹೋಗಿ ಮಾಡಿಸಿ ತಂದು ಮನೆಯಲ್ಲಿ ಜೋಡಿಸುವುದು ಅಗ್ಗ.

ಪ್ಲೈ ಹಾಳೆ ಎಂಟು ಅಡಿಗೆ ನಾಲ್ಕಡಿ. ಲಿಫ್ಟಿಲ್ಲದ ಹಳೆಯ ನಾಲ್ಕು ಮಹಡಿಯ ಕಟ್ಟಡದ ಮೆಟ್ಟಿಲ ತಿರುವಿನಲ್ಲಿ ಅದು ತಿರುಗದು, ಲಿಫ್ಟಿದ್ದರೆ ಅದರೊಳಗೆ ಹಿಡಿಸದು. ಹೊರಡುವ ಮುಂಚೆ ಎರಡನ್ನೂ ಟೇಪು ಹಿಡಿದು ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಆ ಅಳತೆಗೆ ಅಂಗಡಿಯವರೇ ಯಂತ್ರದಲ್ಲಿ ನೇರವಾಗಿ ಕೊಯ್ದು ಕೊಡುತ್ತಾರೆ.