ನೆಲೆ ತಪ್ಪಿದವರೂ ನೆಲೆ ಕೊಟ್ಟವರೂ

ಸಂಸ್ಕೃತದಲ್ಲಿ ಸಾಲ ಕೊಟ್ಟವನಿಗೆ ಉತ್ತಮರ್ಣನೆಂದೂ ಸಾಲ ಪಡೆದವನಿಗೆ ಅಧಮರ್ಣನೆಂದೂ ಹೆಸರು. ನಾವು ಪಾಠಶಾಲೆಯಲ್ಲಿ ಈ ಶಬ್ದಗಳನ್ನು ಹೇಳಿಕೊಡುವಾಗ, ಕೊಡುವವನು ಮೇಲು, ಕೊಳ್ಳುವವನು ಕೀಳು ಎಂಬ ಲೋಕಭಾವನೆಯನ್ನು ಕಂಡು ಹುಡುಗರು ನಗುತ್ತಿದ್ದರು. ಆದರೆ ಸಾಲ ಕೇಳುವುದಕ್ಕೂ ಅರ್ಹನಲ್ಲವೆಂದು ಬಾಗಿಲಿನಿಂದಲೇ ಹಿಂದಿರುಗಬೇಕಾದವನಿಗೆ ಏನು ಹೆಸರಿಡೋಣ? ಮನೆಮಾರುಗಳನ್ನು ತೊರೆದು ಪರದೇಶಕ್ಕೆ ಬಂದವರ ಪಾಡು ಬಹುಮಟ್ಟಿಗೆ ಇದೇ ಆಗಿರುವುದು.

ಬಂದವರಿಗೆ ನಾಲ್ಕು ದಿನ ಅನ್ನವಿಕ್ಕುವುದು ಕಷ್ಟವಲ್ಲ. ಐದನೆಯ ದಿನ ಅವರು ತಾವೇ ದುಡಿದು ಉಣ್ಣುವಂತೆ ಮಾಡುವುದು ಕಷ್ಟ. ಕೈಯಲ್ಲಿ ಕಸಬಿದ್ದರೂ ಬಂಡವಾಳವಿಲ್ಲ. ಬಂಡವಾಳ ಕೇಳಿದರೆ ಜಾಮೀನಿಲ್ಲ. ದೇಶವಿಭಾಗದ ತರುವಾಯ ಭಾರತ ಸರ್ಕಾರವು ಇದನ್ನರಿತು, 1948ರಲ್ಲಿ ಪುನರ್ವಸತಿ ಹಣಕಾಸಿನ ಆಡಳಿತವೊಂದನ್ನು ಕಾನೂನಿನಿಂದ ಸ್ಥಾಪಿಸಿ, ನಿರ್ವಾಸಿತರಾದ ವರ್ತಕರಿಗೂ ಕೈಗಾರಿಕೆಯವರಿಗೂ ಸಾಲ ಕೊಡಿಸಿತು.

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ದೃಷ್ಟಾಂತವುಂಟು. ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ 1960ರಲ್ಲಿ ಅಂದಿನ ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿಯನ್ನು ಒದಗಿಸಿತು. ಹಿಮದ ನಾಡಿನವರು ಇಲ್ಲಿಯ ಬಿಸಿಲಿನಲ್ಲಿ ಕಾಡು ಕಡಿದು, ಆನೆಗಳ ಕಾಟವನ್ನು ಸಹಿಸಿ, ಮುಸುಕಿನ ಜೋಳವನ್ನು ಬೆಳೆದರು. ಆದರೆ ಭೂಮಿ ಅವರ ಸ್ವಂತದ್ದಲ್ಲವಷ್ಟೆ. ಅಡವಿಟ್ಟು ಸಾಲ ತರುವಂತಿಲ್ಲ. ಆ ಕೊರತೆಯನ್ನು ಅವರು ಎರಡು ಬಗೆಯಿಂದ ನೀಗಿಕೊಂಡರು. ಮೊದಲನೆಯದು ಸಹಕಾರ ಸಂಘ: ಬೀಜ ಗೊಬ್ಬರಗಳ ಸರಬರಾಜು, ಟ್ರಾಕ್ಟರುಗಳ ದುರಸ್ತಿ, ಫಸಲಿನ ಮಾರಾಟ, ರತ್ನಗಂಬಳಿಯ ನೇಯ್ಗೆ, ಇವೆಲ್ಲವೂ ಒಂದೇ ಸೂರಿನಡಿಯಲ್ಲಿ ಸೇರಿದುವು. ಎರಡನೆಯದು ಚಳಿಗಾಲದ ವ್ಯಾಪಾರ. ಲೂಧಿಯಾನದ ಸಗಟು ವರ್ತಕರಿಂದ ಸ್ವೆಟರು ಮುಂತಾದುವನ್ನು ಉದ್ದರಿಯಾಗಿ ತಂದು, ಊರೂರುಗಳ ಬೀದಿಗಳಲ್ಲಿ ಮಾರಿ, ಋತು ಮುಗಿದ ಮೇಲೆ ಬಾಕಿ ತೀರಿಸುವರು. ಈ ವ್ಯವಹಾರಕ್ಕೆ ಅಡವು ಯಾವುದು? ಕೊಟ್ಟ ಮಾತೊಂದೇ. ಬಹುಕಾಲದ ಮೇಲೆ, 2014ರಲ್ಲಿ ಭಾರತ ಸರ್ಕಾರವು ಹೊರಡಿಸಿದ ಟಿಬೆಟಿಯನ್ ಪುನರ್ವಸತಿ ನೀತಿಯು ಇವರಿಗೆ ಭೂಮಿಯ ಗುತ್ತಿಗೆಪತ್ರ, ವ್ಯಾಪಾರದ ಪರವಾನಗಿ ಮುಂತಾದುವು ದೊರೆಯಲೆಂದು ದಾರಿ ತೋರಿಸಿತು.

ಕೆಲವು ವರ್ಷಗಳ ಕೆಳಗೆ ನಾವು ಅಲ್ಲಿಗೆ ಹೋಗಿದ್ದೆವು. ಸ್ವರ್ಣಮಂದಿರವೆಂದು ಜನರು ಕರೆಯುವ ನಾಮ್‌ಡ್ರೋಲಿಂಗ್ ವಿಹಾರವನ್ನು ನೋಡಿ, ಹತ್ತಿರದ ಅಂಗಡಿಯೊಂದಕ್ಕೆ ಹೋದೆವು. ಒಡತಿ ವೃದ್ಧೆಯಾದ ಟಿಬೆಟ್ಟಿನವಳು. "ಬನ್ನಿ ಯಜಮಾನರೆ, ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳ್ಳಿ" ಎಂದು ಅಚ್ಚಕನ್ನಡದಲ್ಲಿ ಉಪಚರಿಸಿದಳು. ಆಕೆಯ ಜನರ ಉದ್ಯಮಶೀಲತೆಯನ್ನು ನಾವು ಕೊಂಡಾಡುತ್ತಿದ್ದಾಗ, ಅಂಗಡಿಯ ಮುಂದೆ ಕಡಲೆಕಾಯಿ ಮಾರುತ್ತಿದ್ದ ಪಕ್ಕದ ಹಳ್ಳಿಯ ಹೆಂಗಸು ತಲೆಯೆತ್ತಿದಳು.

"ಅವರಿಗೆ ಅವರ ಸಂಘ ಇದೆ ಸ್ವಾಮಿ. ನಮಗೆ ಯಾರಿದ್ದಾರೆ?"

"ಏಕಮ್ಮ, ನಿನಗೆ ದುಡ್ಡು ಕೊಡುವವರು ಯಾರು?" ಎಂದು ಕೇಳಿದೆವು.

"ಬೆಳಿಗ್ಗೆ 900 ಕೊಡ್ತಾರೆ, ಸಾಯಂಕಾಲ 1000 ಕಟ್ಟಬೇಕು. ಮಿಕ್ಕಿದ್ದು ನಮ್ಮದು."

ನಾವು ಮನಸ್ಸಿನಲ್ಲಿಯೇ ಲೆಕ್ಕ ಹಾಕಿದೆವು. ಒಂಬತ್ತು ದಿನಗಳಲ್ಲಿ ಬಡ್ಡಿಯೇ ಅಸಲಿನಷ್ಟಾಯಿತು! ಹುಟ್ಟಿದ ಊರಿನಲ್ಲಿಯೇ ಇದ್ದು, ದೇಶವನ್ನು ಕಳೆದುಕೊಳ್ಳದೆ, ಈಕೆ ಸಾಲದ ವಿಷಯದಲ್ಲಿ ನಿರಾಶ್ರಿತಳಾಗಿದ್ದಳು. ನಮ್ಮ ಹೊಗಳಿಕೆ ಬಾಯಲ್ಲಿಯೇ ನಿಂತಿತು.

ಆಶ್ರಯ ಕೊಟ್ಟ ನೆರೆಯವರನ್ನು ಮರೆತು ಬಂದವರಿಗೆ ಮಾತ್ರ ನೆರವಾದರೆ ಹೊಟ್ಟೆಯುರಿ ಹುಟ್ಟುವುದು. ಬಂದವರನ್ನು ದೂರವಿಟ್ಟರೆ ಅವರು ಎಂದೆಂದಿಗೂ ಹೊರೆಯಾಗಿಯೇ ಉಳಿಯುವರು. ಪೂರ್ವ ಆಫ್ರಿಕದ ಉಗಾಂಡ ದೇಶವು ಇದನ್ನು ಮನಗಂಡಿತು. ಅದು 2006ರ ಕಾನೂನಿನಿಂದ ನಿರಾಶ್ರಿತರಿಗೆ ದುಡಿಯುವ ಹಕ್ಕನ್ನು ಕೊಟ್ಟಿತಲ್ಲದೆ, ಅವರಿಗಾಗಿ ಬರುವ ನೆರವಿನಲ್ಲಿ ನೂರಕ್ಕೆ ಮೂವತ್ತು ಪಾಲು ಸುತ್ತಣ ನಿವಾಸಿಗಳಿಗೂ ಸಲ್ಲಬೇಕೆಂಬ ನಿಯಮವನ್ನು ಇಟ್ಟುಕೊಂಡಿತು. ಅಲ್ಲಿಯ ಹಳ್ಳಿಗಳಲ್ಲಿ ಜನರು ಚಿಕ್ಕ ಗುಂಪುಗಳಾಗಿ ಕೂಡಿ, ವಾರವಾರವೂ ಹಣವನ್ನು ಒಂದು ಪೆಟ್ಟಿಗೆಯಲ್ಲಿ ಕೂಡಿಟ್ಟು, ಅದರಿಂದಲೇ ತಮ್ಮವರಿಗೆ ಸಾಲ ಕೊಡುತ್ತಾರೆ.

ನಮಗಿದು ಹೊಸ ಪಾಠವಲ್ಲ. ಭಾರತದ ಮೊದಮೊದಲ ಕೃಷಿ ಸಹಕಾರಿ ಸಂಘಗಳಲ್ಲೊಂದು 1905ರಲ್ಲಿ ನಮ್ಮ ಗದಗಿನ ಕಣಗಿನಹಾಳದಲ್ಲಿಯೇ ಹುಟ್ಟಿತು. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಸಂಘಗಳ ಜೀವಾಳವೂ ಅದೇ: ಒಬ್ಬಳ ಬಡತನಕ್ಕೆ ಹತ್ತು ಜನರ ಮಾತು ಜಾಮೀನು.

ಬೈಲಕುಪ್ಪೆಯಿಂದ ಹೊರಡುವಾಗ ನಾವು ಇನ್ನೊಂದನ್ನು ಕಂಡೆವು. ಕಡಲೆಕಾಯಿಯ ಹೆಂಗಸು ಸಂಜೆಯಾಗುತ್ತಲೆ ಮಿಕ್ಕ ಮಾಲನ್ನೂ ತಕ್ಕಡಿಯನ್ನೂ ಆ ವೃದ್ಧೆಯ ಅಂಗಡಿಯೊಳಗೆ ಇಟ್ಟು ಹೋದಳು. ಚೀಟಿಯಿಲ್ಲ, ಬೀಗವಿಲ್ಲ. ಅವರಿಬ್ಬರ ನಡುವೆ ನಂಬಿಕೆ ಆಗಲೇ ಇತ್ತು. ಯಾವ ಲೆಕ್ಕದ ಪುಸ್ತಕವೂ ಅದನ್ನು ಬರೆದುಕೊಂಡಿರಲಿಲ್ಲ. ಇಬ್ಬರಿಗೂ ಸೇರಿ ಒಂದು ಸಂಘವಿದ್ದಿದ್ದರೆ, ಆ ನಂಬಿಕೆಯೇ ಬಂಡವಾಳವಾಗುತ್ತಿತ್ತು.

ಗೃಹಸ್ಥರಾದ ವಾಚಕರು ದೊಡ್ಡ ದಾನ ಮಾಡಬೇಕೆಂದು ನಾವು ಹೇಳುವುದಿಲ್ಲ. ನಿಮ್ಮ ಮನೆಯ ಬಾಗಿಲಿಗೆ ಸೊಪ್ಪು ತರುವವಳಿಗೆ ಬ್ಯಾಂಕಿನ ಖಾತೆಯಿದೆಯೆ ಎಂದು ಕೇಳಿರಿ. ಇಲ್ಲವಾದರೆ, ಕನಿಷ್ಠ ಠೇವಣಿಯಿಲ್ಲದೆ ತೆರೆಯುವ ಜನಧನ ಖಾತೆಯು 2014ರಿಂದಲೇ ಉಂಟೆಂದು ತಿಳಿಸಿ, ಒಂದು ದಿನ ಜೊತೆಗೆ ಹೋಗಿ ಅರ್ಜಿ ತುಂಬಿಕೊಡಿರಿ. ಅವಳ ಓಣಿಯಲ್ಲಿ ಸಂಘವಿದ್ದರೆ ಪರಿಚಯ ಮಾಡಿಸಿರಿ. ಸಾಲದ ಕಾಗದಕ್ಕೆ ಹೆಬ್ಬೆಟ್ಟನ್ನು ಒತ್ತುವ ಮುನ್ನ ಅದನ್ನು ಓದಿ ಹೇಳಿರಿ. ಬೀದಿಯಲ್ಲಿ ಸ್ವೆಟರು ಮಾರುವ ಪರದೇಶದವಳೊಡನೆ ಚೌಕಾಸಿ ಮಾಡುವಾಗ, ಅವಳು ತೀರಿಸಬೇಕಾದ ಉದ್ದರಿಯನ್ನು ನೆನೆಯಿರಿ.

"ನಮಗೆ ಯಾರಿದ್ದಾರೆ?" ಎಂಬ ಪ್ರಶ್ನೆಗೆ ಆ ದಿನ ನಾವು ಉತ್ತರ ಕೊಡಲಾರದೆ ಬಂದೆವು. ಉತ್ತರವನ್ನು ನಾವೂ ನೀವೂ ಕೂಡಿ ಕೊಡಬೇಕಾಗಿದೆ.